ಇದ್ರೀಸನ ದಡ, ಯಾಕೂಬನ ದಡ

ಕಳೆದ ಯುಗಾದಿಗೆ ಆಮರ್ಸ್‌ಫೋರ್ಟಿನ ನಮ್ಮ ಕನ್ನಡ ಬಳಗದವರು ಊಟಕ್ಕೆ ಸೇರಿದ್ದೆವು. ಡೆಲ್ಫ್ಟ್‌ನಲ್ಲಿ ನೀರಿನ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತಳು. "ಆಂಟಿ, ನೀವು ಇಷ್ಟ್ ವರ್ಷ ಮಾಡಿದ್ ಕೆಲ್ಸ ಎಕ್ಸ್ಯಾಕ್ಟ್ಲಿ ಏನು? ನಾನೂ ಅದೇ ಲೈನಿಗೆ ಬರೋಣ ಅಂತಿದೀನಿ. ಬೋರ್ ಆಗಲ್ವಾ?" ಎಂದಳು. ಮೊದಲು ಒಬ್ಬಟ್ಟು ತಿನ್ನು, ಆಮೇಲೆ ಹೇಳ್ತೀನಿ ಎಂದೆ. ಅಷ್ಟರಲ್ಲಿ ಯಾರೋ ಹಾಡು ಶುರುಮಾಡಿದರು, ಹೇಳುವುದು ಆಗಲೇ ಇಲ್ಲ. ನಿವೃತ್ತಿಯಾದ ಮೇಲೆ ಪುರುಸೊತ್ತಿಗೇನು ಬರವಿಲ್ಲವಲ್ಲ, ಬರೆದೇಬಿಡೋಣ ಎಂದು ಕೂತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದೆಲ್ಲ ನನಗೇ ಮರೆತಿದೆ. ನಿಮಗಂತೂ ಬೇಡವೇ ಬೇಡ.

ನನ್ನ ಹೆಸರು ಪದ್ಮಾವತಿ. ಮೈಸೂರಿನಲ್ಲಿ ಸಿವಿಲ್ ಓದಿ, ಮಂಡ್ಯದ ಕಡೆ ನಾಲೆ ಕೆಲಸದಲ್ಲಿ ಸ್ವಲ್ಪ ವರ್ಷ ಬಿಸಿಲು ಕುಡಿದು, ಗಂಡನ ಕೆಲಸದ ಬೆನ್ನು ಹಿಡಿದು ಡಚ್ಚರ ಈ ದೇಶಕ್ಕೆ ಬಂದವಳು. ಇಲ್ಲಿ ಆಮರ್ಸ್‌ಫೋರ್ಟಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಎಲ್ಲೆಲ್ಲೋ ದೂರದ ದೇಶಗಳ ನದಿಗಳಿಗೆ ಗೇಟು ಕಟ್ಟಿಸುವುದು, ಅದನ್ನು ನಡೆಸುವವರಿಗೆ ಕಲಿಸುವುದು, ಆಮೇಲೂ ವರ್ಷಗಟ್ಟಲೆ ಇಲ್ಲಿಂದಲೇ ಅದರ ಮೇಲೊಂದು ಕಣ್ಣಿಡುವುದು ನಮ್ಮ ಕೆಲಸ. ಹೆಣ್ಣು ಕೊಟ್ಟ ಮನೆಯ ಬಗ್ಗೆ ತವರಿನವರು ವಿಚಾರಿಸಿಕೊಳ್ಳುತ್ತಿರುತ್ತಾರಲ್ಲ, ಹಾಗೆ.

ನನ್ನ ಮೇಲಧಿಕಾರಿ ಹೆಂಕ್. ಆರಡಿ ಮೇಲಿನ ಆಳು, ದಿನವೂ ಮಧ್ಯಾಹ್ನ ಅದೇ ಬ್ರೆಡ್ಡು, ಅದೇ ಚೀಸು. ನಾನು ಅಭ್ಯಾಸಬಲದಿಂದ "ಸರ್" ಎಂದಾಗಲೆಲ್ಲ ಹಿಂದೆ ಯಾರು ಬಂದರೆಂದು ತಿರುಗಿ ನೋಡುತ್ತಿದ್ದ. ಹೆಂಕ್ ಎಂದು ಬರಿ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲು ವರ್ಷವೇ ಹಿಡಿಯಿತು. ಸೇರಿದ ಹೊಸತರಲ್ಲಿ ಒಂದು ದಿನ ಎಲ್ಲರೆದುರು ನನ್ನ ನಕ್ಷೆ ಎತ್ತಿ ಹಿಡಿದು, "ಪದ್ಮಾ, ಇದು ತಪ್ಪು, ಮತ್ತೆ ಬರೆ" ಎಂದ. ನಮ್ಮ ಕಡೆ ಬೈಯುವವರೂ ಮೊದಲು ಕಾಫಿ ಆಯಿತಾ ಎಂದು ಕೇಳುತ್ತಾರೆ. ನಾನು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದರೆ, ಈ ಮಹಾರಾಯ ಏನೂ ಆಗದವನಂತೆ ಎರಡು ಕಪ್ ಕಾಫಿ ಹಿಡಿದು ನಿಂತಿದ್ದಾನೆ! ತಪ್ಪು ನಕ್ಷೆಯದು, ನನ್ನದಲ್ಲ ಎಂಬುದು ಅವನ ಲೆಕ್ಕ. ಇಲ್ಲಿ ಕೆಲಸಕ್ಕೆ ಸೇರುವ ಮಕ್ಕಳೇ, ಇದನ್ನು ಬೇಗ ಕಲಿತುಕೊಳ್ಳಿ. ಕಣ್ಣೀರು ಉಳಿಯುತ್ತದೆ.

ಹೆಂಕನಿಗೆ ಇನ್ನೊಂದು ಹುಚ್ಚಿತ್ತು, ಸಭೆ. ಇಲ್ಲಿಯವರು ಅದನ್ನು ಓವರ್‌ಲೆಖ್ ಎನ್ನುತ್ತಾರೆ. ಎಲ್ಲರೂ ಮೇಜಿನ ಸುತ್ತ ಕೂತು, ಎಲ್ಲರೂ ಮಾತಾಡಿ, ಎಲ್ಲರೂ ಅಷ್ಟಿಷ್ಟು ಒಪ್ಪಿ ಏಳುವುದು. ಸಮುದ್ರಕ್ಕಿಂತ ತಗ್ಗಿನಲ್ಲಿ ಬದುಕುವ ಜನ, ನೆರೆಯವನ ಜೊತೆ ಎಷ್ಟೇ ಜಗಳವಿದ್ದರೂ ನೀರಿನ ವಿಷಯಕ್ಕೆ ಒಂದೇ ಮೇಜಿಗೆ ಬರಬೇಕಾಗಿತ್ತು ಎಂದು ಅವನು ವಿವರಿಸುತ್ತಿದ್ದ. ಪೆನ್ನು ತರಿಸಲೂ ಸಭೆ ಕರೀತಾನೆ ಎಂದು ನಾವು ಆಡಿಕೊಂಡು ನಗುತ್ತಿದ್ದೆವು.

ನನ್ನ ಕೈಗೆ ಬಂದ ಕೆಲಸಗಳಲ್ಲಿ ಒಂದು ಗೇಟಿನ ಕಥೆಯನ್ನೇ ಮುಖ್ಯವಾಗಿ ಹೇಳಬೇಕು. ಆ ದೇಶದ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಅಲ್ಲಿ ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಎರಡು ಪ್ರಾಂತಗಳ ನಡುವೆ ಹರಿಯುವ ಒಂದು ಹೊಳೆ. ಎಡದಡ ಒಂದು ಪ್ರಾಂತದ್ದು, ಬಲದಡ ಇನ್ನೊಂದರದ್ದು. ಹೊಳೆಗೆ ಅಡ್ಡಲಾಗಿ ಒಂದೇ ಒಂದು ಅಗಲವಾದ ಕಬ್ಬಿಣದ ಗೇಟು, ಅದರ ಮೇಲೆ ಸೇತುವೆ, ಎರಡು ತುದಿಗೆ ಎರಡು ಗೋಪುರ. ಬೇಸಿಗೆಯಲ್ಲಿ ಗೇಟು ಮುಚ್ಚಿ ಎರಡೂ ಕಡೆಯ ನಾಲೆಗೆ ನೀರು ಬಿಡುವುದು, ಮಳೆಗಾಲದಲ್ಲಿ ಎತ್ತುವುದು. ಗೇಟು ನಡೆಸುವವರು ಇಬ್ಬರು, ಬಲದಡದ ಗೋಪುರದಲ್ಲಿ ಇದ್ರೀಸ್, ಎಡದಡದ್ದರಲ್ಲಿ ಯಾಕೂಬ್. ಗೇಟನ್ನು ಎರಡು ತುದಿಯಿಂದಲೂ ಒಂದೇ ಸಮನೆ ಎತ್ತಬೇಕು. ಒಂದು ಕಡೆ ಮೇಲಾಗಿ ಇನ್ನೊಂದು ಕಡೆ ಕೆಳಗಾದರೆ ಕಚ್ಚಿಕೊಂಡು ನಿಂತುಬಿಡುತ್ತದೆ. ಅದಕ್ಕೇ ನಮ್ಮಲ್ಲೊಂದು ಕಟ್ಟುನಿಟ್ಟು. ಗೇಟು ಮುಟ್ಟುವ ಮೊದಲು ಇಬ್ಬರೂ ಫೋನಿನಲ್ಲಿ ತಮ್ಮ ದಡದ ನೀರಿನ ಮಟ್ಟ ಹೇಳಬೇಕು, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಬಾಯಿಬಿಟ್ಟು ಮತ್ತೆ ಹೇಳಬೇಕು. ಹೂಂ, ಸರಿ, ಆಯ್ತು ಎಂಬುದೆಲ್ಲ ನಡೆಯದು.

ಇಬ್ಬರೂ ತರಬೇತಿಗೆಂದು ಆಮರ್ಸ್‌ಫೋರ್ಟಿಗೆ ಬಂದು ಕೆಲವು ವಾರ ಇದ್ದರು. ಚಳಿಗೆ ನಡುಗುತ್ತಾ ಸೈಕಲ್ ಕಲಿತು, ಇಬ್ಬರೂ ಒಂದೇ ಕಾಲುವೆಗೆ ಬಿದ್ದು ನಗೆಪಾಟಲಾದರು. ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಇದ್ರೀಸ್ ಮಾತಿನ ಮಲ್ಲ, ಬಿಸಿಬೇಳೆಬಾತ್ ಮೂರು ಸಲ ಹಾಕಿಸಿಕೊಂಡ. ಯಾಕೂಬ್ ಮಾತೇ ಆಡದವನು, ಊಟ ಮುಗಿಸಿ ಎದ್ದು, ನಮ್ಮ ಅಡುಗೆಮನೆಯಲ್ಲಿ ಬಹುಕಾಲದಿಂದ ನೇತಾಡುತ್ತಿದ್ದ ಕಪಾಟಿನ ಬಾಗಿಲನ್ನು ಸ್ಕ್ರೂಡ್ರೈವರ್ ಕೇಳಿ ಸರಿಮಾಡಿ ಹೋದ. ನಮ್ಮವರಿಗೆ ನಾನು ಅದನ್ನು ಎಷ್ಟು ಸಲ ಹೇಳಿದ್ದೆನೋ! ಅವರಿಬ್ಬರು ನನ್ನೊಡನೆ ಆಡುತ್ತಿದ್ದದ್ದು ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

ಮೊದಮೊದಲು ನೀರಿನ ಮಟ್ಟ ಫ್ಯಾಕ್ಸಿನಲ್ಲಿ ಬರುತ್ತಿತ್ತು, ಆಮೇಲೆ ಫೋನಿನಲ್ಲಿ. ಆಮೇಲೆ ಸೇತುವೆಯ ಕೆಳಗೆ ಮಟ್ಟ ಅಳೆಯುವ ರಾಡಾರ್ ಕೂರಿಸಿದೆವು, ಅಂಕಿ ತಾನಾಗಿಯೇ ನಮ್ಮ ಕಂಪ್ಯೂಟರಿಗೆ ಬೀಳತೊಡಗಿತು. ಆ ಹೊತ್ತಿಗೆ ನಮ್ಮ ತಂಡಕ್ಕೆ ಹುಬ್ಬಳ್ಳಿ ಕಡೆಯ ಬಸವರಾಜ ಸೇರಿದ್ದ. ಲೆಕ್ಕದಲ್ಲಿ ಹುಲಿ. ಒಂದು ದಿನ ಹಣೆ ಗಂಟುಹಾಕಿಕೊಂಡು ಬಂದ.

"ಪದ್ಮಕ್ಕ, ಇದೊಂಚೂರು ನೋಡ್ರಿ. ದಿನಾ ಮಧ್ಯಾಹ್ನ ಹೊಳಿ ಏರತೈತಿ, ಸಂಜೀಕ ಇಳೀತೈತಿ. ಉಬ್ಬರ-ಇಳಿತ ಅನ್ನಾಕ ಸಮುದ್ರ ಎಲ್ಲೈತಿ, ಈ ಹೊಳಿ ಎಲ್ಲೈತಿ! ಇದಕ್ಕೊಂದು ಹೊಸಾ ಮಾಡೆಲ್ ಬೇಕಾಗ್ತೈತ್ರಿ."

ವಾರಗಟ್ಟಲೆ ಕೂತು ಮಾಡೆಲ್ ಮಾಡಿದ. ನಾನೂ ತಲೆಯಾಡಿಸಿದೆ, ಹೆಂಕ್ ಅದಕ್ಕೊಂದು ಸಭೆ ಕರೆದ. ಕೊನೆಗೆ ಇದ್ರೀಸ್ ಒಂದು ಫೋಟೊ ಕಳಿಸಿದ. ಯಾಕೂಬನ ಎಮ್ಮೆಗಳು ಮಧ್ಯಾಹ್ನದ ಬಿಸಿಲಿಗೆ ಸೇತುವೆಯ ನೆರಳಿನಲ್ಲಿ, ರಾಡಾರಿನ ಸರಿಯಾಗಿ ಕೆಳಗೆ, ಸುಖವಾಗಿ ಮಲಗಿವೆ. ರಾಡಾರು ಎಮ್ಮೆಯ ಬೆನ್ನನ್ನೇ ನೀರು ಎಂದು ಅಳೆಯುತ್ತಿತ್ತು. "ಹುಟ್ಟಿದಾಗಿಂದ ಎಮ್ಮೆ ನೋಡಿದೋನು ಕಣೋ ನೀನು!" ಎಂದೆ. "ಎಮ್ಮಿ ನೋಡೇನ್ರಿ ಅಕ್ಕ, ಎಮ್ಮಿ ಗ್ರಾಫ್ ನೋಡಿರಲಿಲ್ಲ" ಎಂದ. ಆ ಎರಡು ದಡದವರು ಫೋನಿನಲ್ಲಿ ನಕ್ಕ ನಗುವಿಗೆ ನಮ್ಮ ಆಫೀಸಿನ ಕಿಟಕಿ ಅದುರಬೇಕಿತ್ತು.

ಆಮೇಲೆ ಅಲ್ಲಿ ಕಾಳಗ ಹತ್ತಿಕೊಂಡಿತು. ಗಡಿಯದೋ, ಗಣಿಯದೋ, ಅಧಿಕಾರದ್ದೋ, ಕೇಳಿದವರೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಇಡೀ ಆ ಭಾಗದಲ್ಲೇ ಯುದ್ಧವೆಂದು ಟಿವಿಯಲ್ಲಿ ಬರುತ್ತಿತ್ತು. ಒಂದು ಬೆಳಿಗ್ಗೆ ಎಡದಡದ ಪ್ರಾಂತದ ಸೈನ್ಯ ನಮ್ಮದೇ ಗೇಟಿನ ಸೇತುವೆ ದಾಟಿ ಬಲದಡದ ಪ್ರಾಂತಕ್ಕೆ ನುಗ್ಗಿತು. ಅಂದರೆ ಯಾಕೂಬನ ಕಡೆಯವರು ಇದ್ರೀಸನ ಊರಿನ ಮೇಲೆ ಬಿದ್ದರು. ಕರೆಂಟು ಹೋಯಿತು, ರಾಡಾರ್ ಸತ್ತಿತು, ನಮ್ಮ ಪರದೆಯ ಮೇಲಿನ ಗೆರೆ ಅಲ್ಲಿಗೇ ನಿಂತಿತು. ನಾವು ಕಟ್ಟಿಸಿದ ಸೇತುವೆಯ ಮೇಲೆ ಟ್ಯಾಂಕು ಹೋಗುವುದನ್ನು ಟಿವಿಯಲ್ಲಿ ನೋಡಿದೆವು.

ಪ್ರಾಂತದಿಂದ ಪ್ರಾಂತಕ್ಕೆ ಫೋನ್ ಸಂಪರ್ಕ ಕಡಿದುಹಾಕಿದ್ದರು. ಹೊರದೇಶದ ಕರೆ ಮಾತ್ರ ಎರಡೂ ಕಡೆಯಿಂದ ಹೇಗೋ ಹೋಗುತ್ತಿತ್ತು. ಕೆಲವು ದಿನಗಳ ನಂತರ ಇದ್ರೀಸನ ಕರೆ ಬಂತು. ಬದುಕಿದ್ದಾನಲ್ಲ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವನು ನೇರವಾಗಿ ವಿಷಯಕ್ಕೆ ಬಂದ.

"ಮೇಡಂ, ಮೇಲೆ ಮಳೆ ಶುರುವಾಗಿದೆ. ಈ ಸಲ ಬೇಗ ಬಂದುಬಿಟ್ಟಿದೆ. ಗೇಟು ಮುಚ್ಚೇ ಇದೆ. ಏರಿಯ ಕೆಳಗಿನ ಕೇರಿಯಲ್ಲಿ ಜನ ತುಂಬಿದ್ದಾರೆ, ನನ್ನ ಹೆಂಡತಿ ಮಕ್ಕಳೂ ಅಲ್ಲೇ. ರಸ್ತೆಯಲ್ಲೆಲ್ಲ ಸೈನ್ಯ, ಯಾರೂ ಹೊರಗೆ ಕಾಲಿಡೋ ಹಾಗಿಲ್ಲ."

ಬಸವರಾಜ ಮಳೆಯ ಉಪಗ್ರಹ ಚಿತ್ರ ಹಿಡಿದು ಲೆಕ್ಕ ಹಾಕಿದ. ಮಾರನೆಯ ದಿನದೊಳಗೆ ಗೇಟು ಎತ್ತದಿದ್ದರೆ ಬಲದಡದ ಏರಿ ಒಡೆದು ಆ ಕೇರಿ ಮುಳುಗುತ್ತದೆ. ಕರೆಂಟಿಲ್ಲದಿದ್ದರೆ ಗೇಟನ್ನು ಎರಡು ಗೋಪುರಗಳಿಂದ ಕೈಹಿಡಿಕೆ ತಿರುಗಿಸಿಯೇ ಎತ್ತಬೇಕು, ಅದೂ ಒಟ್ಟಿಗೆ. ಹೊಳೆಯ ಅಬ್ಬರದಲ್ಲಿ ಈ ದಡದಿಂದ ಆ ದಡಕ್ಕೆ ಕೂಗಿದರೂ ಕೇಳದು, ಸೇತುವೆ ಮೇಲೆ ಬಂದೂಕಿನ ಕಾವಲು.

"ಯಾಕೂಬ್ ಹತ್ರ ಮಾತಾಡ್ತೀನಿ ಇರು" ಎಂದೆ.

ಫೋನಿನ ಆ ತುದಿಯಲ್ಲಿ ಅವನ ದನಿ ಒರಟಾಯಿತು. "ಅವನ ಕಡೆಯವರು ನನ್ನ ಮನೆ ಬಾಗಿಲು ಕಿತ್ತು ಒಲೆಗೆ ಹಾಕಿ ಚಹಾ ಕಾಯಿಸಿದರು, ಮೇಡಂ. ನಾನು ಆ ಮನುಷ್ಯನ ಹತ್ತಿರ ಮಾತಾಡಲ್ಲ. ಅಂಕಿ ನಿಮಗೆ ಹೇಳ್ತೀನಿ. ನೀವು ಯಾರಿಗೆ ಬೇಕಾದರೂ ಹೇಳಿಕೊಳ್ಳಿ."

ಯಾಕೂಬನಿಗೆ ಫೋನ್ ಮಾಡಿದರೆ ಅವನದು ಬೇರೆ ಸಂಕಟ. ಸೇತುವೆಯ ಉಸ್ತುವಾರಿಯ ಅಧಿಕಾರಿ ಗೋಪುರಕ್ಕೆ ಬೀಗ ಹಾಕಿಸಿದ್ದ. ಗೇಟು ಎತ್ತಿದರೆ ಕೆಳಗಿನ ಹೊಳೆದಾಟಿನಲ್ಲಿರುವ ತನ್ನ ಲಾರಿಗಳು, ಆಳುಗಳು ಕೊಚ್ಚಿಹೋಗುತ್ತಾರೆ, ಇದು ಶತ್ರುಗಳ ಕುತಂತ್ರ ಎಂಬುದು ಅವನ ವಾದ.

ನಾವು ತಲೆ ಮೇಲೆ ಕೈಹೊತ್ತು ಕೂತೆವು. ಆಗ ಹೆಂಕ್ ಬಾಯಿಬಿಟ್ಟ, "ಒಂದು ಓವರ್‌ಲೆಖ್ ಮಾಡೋಣ."

ನನಗೆ ಎಲ್ಲಿತ್ತೋ ಸಿಟ್ಟು. "ಯುದ್ಧ ನಡೀತಿದೆ ಹೆಂಕ್! ನಿನಗೆ ಸಭೆ ಬೇಕಾ?" ಎಂದು ರೇಗಿದೆ. ಬಸವರಾಜ ಮೆಲ್ಲಗೆ ಕನ್ನಡದಲ್ಲಿ, "ಇಂವಗ ತಲಿ ಕೆಟ್ಟೈತ್ರಿ ಅಕ್ಕ" ಎಂದ. ಹೆಂಕ್ ಮಾತ್ರ "ರುಸ್ತಿಖ್, ರುಸ್ತಿಖ್", ಅಂದರೆ ಸಮಾಧಾನ, ಸಮಾಧಾನ ಎನ್ನುತ್ತಲೇ ಮೇಜಿನ ಮೇಲೆ ಎರಡು ಫೋನು ಇಟ್ಟ. ಒಂದಕ್ಕೆ ಇದ್ರೀಸ್, ಇನ್ನೊಂದಕ್ಕೆ ಯಾಕೂಬ್. ಅಧಿಕಾರಿಯನ್ನೂ ಕರೆಯಿರಿ, ಎರಡು ನಿಮಿಷದ ಮಾತು ಎಂದ. ಆ ಅಧಿಕಾರಿ ಯಾಕೆ ಬಂದನೋ ದೇವರಿಗೇ ಗೊತ್ತು. ಬೈಯುವುದಕ್ಕೇ ಬಂದಿರಬೇಕು.

ಹೆಂಕ್ ಯುದ್ಧದ ಮಾತೇ ಎತ್ತಲಿಲ್ಲ. "ಮೊದಲು ಎಲ್ಲರೂ ತಮ್ಮ ಮುಂದಿನ ನೀರಿನ ಮಟ್ಟ ಹೇಳಿ. ಕ್ಯಾಪ್ಟನ್, ನೀವೂ" ಎಂದ. ಇದ್ರೀಸ್ ಹೇಳಿದ. ಯಾಕೂಬ್ ಹೇಳಿದ. ಅಧಿಕಾರಿ ಬೈದುಕೊಂಡೇ ಇಳಿದು ಹೋಗಿ ಅಳತೆಪಟ್ಟಿ ನೋಡಿ ಬಂದು ಒಂದು ಅಂಕಿ ಹೇಳಿದ. ಅದು ಎಷ್ಟು ಕಡಿಮೆಯೆಂದರೆ, ಹೊಳೆ ಬತ್ತಿಹೋಗಿರಬೇಕು! ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಬಂದಿದ್ದ. ಯಾರೂ ನಗಲಿಲ್ಲ. ಹೊಸದಾಗಿ ಸೇರಿದವರಿಗೆ ಹೇಳುವಂತೆ ಹೆಂಕ್, "ಕೆಳಗಿನಿಂದ ಮೇಲೆ ಎಣಿಸಬೇಕು, ಇನ್ನೊಮ್ಮೆ ನೋಡಿ" ಎಂದ. ಆತ ಮತ್ತೆ ಹೋದ. ಈ ಸಲ ಸರಿಯಾದ ಅಂಕಿ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಲು ಹೇಳಿದ. ಮೂರನೆಯ ಸಲ ಬಂದಾಗ ಆತನ ದನಿಯೇ ಬದಲಾಗಿತ್ತು.

"ಏರಿದೆ" ಎಂದ. "ನಾನು ನಿಂತು ನೋಡ್ತಿರೋವಾಗಲೇ ಏರ್ತಿದೆ."

"ದಡದ ಏರಿ ಒಡೆದರೂ ನೀರು ನಿಮ್ಮ ಹೊಳೆದಾಟಿಗೇ ಬರೋದು. ಆಗ ಹೇಳದೆ ಕೇಳದೆ ಬರುತ್ತೆ" ಎಂದ ಹೆಂಕ್. "ಗೇಟು ಎತ್ತಿದರೆ ನಾವು ಹೇಳಿದ ಹಾಗೆ ಬರುತ್ತೆ. ನಿಮ್ಮವರನ್ನು ಮೊದಲು ಮೇಲೆ ಕರೆಸಿಕೊಳ್ಳಿ, ಆಮೇಲೆ ಎತ್ತೋಣ."

ಲಾರಿಗಳನ್ನು ಮೇಲೆ ತನ್ನಿ ಎಂದು ಅಧಿಕಾರಿ ಯಾರಿಗೋ ಕೂಗಿದ. ಆಮೇಲೆ ಗೋಪುರದ ಬೀಗ ತೆಗೆಯುವ ಸದ್ದು ಕೇಳಿತು. ಹೆಂಕ್ ಕಾಫಿ ತರಲು ಎದ್ದು ಹೋದ. ಅವನ ಸಭೆಗಳನ್ನು ನಾವು ಆಮೇಲೆ ಆಡಿಕೊಂಡಿದ್ದು ನೆನಪಿಲ್ಲ.

ಇನ್ನು ಕೈಹಿಡಿಕೆ ತಿರುಗಿಸುವ ಕೆಲಸ. ಒಂದೊಂದು ಗೋಪುರದಲ್ಲಿ ಒಬ್ಬೊಬ್ಬ. ಇಬ್ಬರ ಲಯ ಒಂದಾಗಬೇಕು, ಆದರೆ ಒಬ್ಬನ ದನಿ ಇನ್ನೊಬ್ಬನಿಗೆ ಬೇಡ. ಇದ್ರೀಸನ ಹಠಕ್ಕೆ ಎರಡು ಫೋನಿನ ನಡುವೆ ನಾನೇ ಸೇತುವೆಯಾಗಿ ನಿಲ್ಲಬೇಕಾಯಿತು. ಇಂಗ್ಲಿಷಿನಲ್ಲಿ ಒನ್, ಟೂ ಎಂದು ಶುರುಮಾಡಿದೆ. ಲಯವೇ ಕೂಡಲಿಲ್ಲ, ಬಲಗಡೆ ಒಂದು ಗೇಣು ಮೇಲಾಗಿ ಗೇಟು ಕಿರುಗುಟ್ಟಿತು. "ನಿಲ್ಲಿಸಿ!" ಎಂದು ಕಿರುಚಿದೆ. ಬಸವರಾಜ ಕೈ ಮೇಲೆತ್ತಿದ. "ಅಕ್ಕ, ಎಣಿಸಬ್ಯಾಡ್ರಿ. ಬಂಡಿ ನೂಕುವಾಗ ಕೂಗ್ತೇವಲ್ಲ, ಹಂಗ ಕೂಗ್ರಿ."

ಮಂಡ್ಯದ ನಾಲೆಯಲ್ಲಿ ಕಲ್ಲು ಎಳೆಯುವವರ ಕೂಗು ಎಲ್ಲಿತ್ತೋ, ಗಂಟಲಿಗೆ ಬಂತು. "ಐಸಾ... ಹೊಡಿ ಐಸಾ... ಜೋರಾಗಿ ಐಸಾ!" ಎಂದು ಗಂಟಲು ಕಿತ್ತುಹೋಗುವಂತೆ ಕೂಗಿದೆ. ಬಸವರಾಜನೂ ದನಿಗೂಡಿಸಿದ. ಗಾಜಿನ ಬಾಗಿಲಾಚೆ ನಮ್ಮ ಡಚ್ ಸಹೋದ್ಯೋಗಿಗಳು ಬ್ರೆಡ್ಡು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತಿದ್ದರು. ನಾಚಿಕೆಗೆ ಅಲ್ಲಿ ಜಾಗವೆಲ್ಲಿತ್ತು! ಅರ್ಥ ತಿಳಿಯದ ಆ ಇಬ್ಬರ ತೋಳಿಗೆ ಕೂಗು ಹಿಡಿಸಿತು. ಗೇಟು ಗೇಣು ಗೇಣಾಗಿ, ಮಟ್ಟವಾಗಿ ಮೇಲೆದ್ದಿತು. ಮಧ್ಯಾಹ್ನದ ಹೊತ್ತಿಗೆ ಇದ್ರೀಸ್ ಏದುಸಿರು ಬಿಡುತ್ತಾ, "ಇಳೀತಿದೆ ಮೇಡಂ, ನೀರು ಇಳೀತಿದೆ" ಎಂದು ಅಳತೊಡಗಿದ. ನಾನಂತೂ ಮೇಜಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಈ ಸಲ ಬಚ್ಚಲಿಗೆ ಹೋಗಲಿಲ್ಲ.

ಕೇರಿ ಉಳಿಯಿತು. ಆದರೆ ಇದ್ರೀಸನ ಮಾತು ಮಾತೇ. ಯಾಕೂಬನ ಜೊತೆ ಒಂದಕ್ಷರ ಆಡಲಿಲ್ಲ. ನನ್ನ ಚಿಂತೆ ಅದೇ ಆಯಿತು. ಎಷ್ಟು ದಿನ ಅಂತ ಆಮರ್ಸ್‌ಫೋರ್ಟಿನಿಂದ ಒಂದು ಹೊಳೆ ನಡೆಸುವುದು? ನಾನು ನಿವೃತ್ತಿಯಾಗುತ್ತೇನೆ, ಕಂಪನಿ ಬೇರೆ ಕೆಲಸ ನೋಡಿಕೊಳ್ಳುತ್ತದೆ. ಆ ಇಬ್ಬರ ಬಾಯಿ ಕೂಡದಿದ್ದರೆ ಒಂದಲ್ಲ ಒಂದು ಮಳೆಗಾಲಕ್ಕೆ ಎರಡೂ ದಡ ಮುಳುಗುವುದು ಖಂಡಿತ.

ಹೀಗೆ ದಿನವೂ ಬೆಳಿಗ್ಗೆ ಒಬ್ಬನ ಅಂಕಿ ಕೇಳುವುದು, ಇನ್ನೊಬ್ಬನಿಗೆ ಹೇಳುವುದು. ಇದ್ರೀಸನ ಮನೆ ಬಾಗಿಲು ಒಲೆ ಸೇರಿದ್ದನ್ನೂ ಯಾಕೂಬನಿಗೆ ಹೇಳಿದ್ದೆ. ಒಂದು ದಿನ ಅವನು ಅಂಕಿ ಹೇಳಿದ ಮೇಲೆ ಫೋನಿಡಲಿಲ್ಲ.

"ಮೇಡಂ, ಅವನ ಮನೆ ಬಾಗಿಲಿನ ಅಳತೆ ಕೇಳ್ತೀರಾ?"

ನಾನು ಇದ್ರೀಸನಿಗೆ ಹಾಗೇ ಒಪ್ಪಿಸಿದೆ. ಅವನು ಠಪ್ಪನೆ ಫೋನಿಟ್ಟ. ಮಾರನೆಯ ದಿನ ಬರೀ ನೀರಿನ ಮಟ್ಟ. ಅದರ ಮಾರನೆಯ ದಿನವೂ ಅಷ್ಟೇ. ಯಾಕೂಬ್ ಮಾತ್ರ ದಿನವೂ ಕೇಳುತ್ತಿದ್ದ, "ಹೇಳಿದನಾ?" ಇಲ್ಲ ಎಂದರೆ "ಸರಿ" ಎನ್ನುತ್ತಿದ್ದ. ವಾರಗಳು ಕಳೆದವು. ಒಂದು ಬೆಳಿಗ್ಗೆ ಇದ್ರೀಸ್ ನೀರಿನ ಮಟ್ಟ ಹೇಳಿ, ಅದೇ ಉಸಿರಿನಲ್ಲಿ, ಅದೇ ಸಪ್ಪೆ ದನಿಯಲ್ಲಿ, ಬಾಗಿಲಿನ ಎತ್ತರ, ಅಗಲ ಹೇಳಿದ. ನಾನು ನಿಯಮದಂತೆ ಮತ್ತೆ ಹೇಳಿ ಒಪ್ಪಿಸಿದೆ. "ಎಡಕ್ಕೆ ತೆರೆಯೋದು ಅಂತ ಹೇಳಿ" ಎಂದು ಸೇರಿಸಿದ. ಪಕ್ಕದಲ್ಲಿದ್ದ ಬಸವರಾಜ ಎರಡೂ ಕೈ ಜೋಡಿಸಿ ಮೇಲೆ ನೋಡಿದ.

ಆಮೇಲೆ ಮಾತುಕತೆ ನಡೆದು, ಸೈನ್ಯ ಹಿಂದೆ ಸರಿದು, ಪ್ರಾಂತಗಳ ನಡುವಿನ ಫೋನ್ ಸಂಪರ್ಕ ಮತ್ತೆ ಕೊಟ್ಟು, ಸೇತುವೆಯ ಮೇಲೆ ಜನರನ್ನು ಬಿಡತೊಡಗಿದರು. ಬಾಗಿಲನ್ನು ಎಮ್ಮೆ ಗಾಡಿಯ ಮೇಲೆ ಹೇರಿ ಕಳಿಸಿದ್ದೇನೆಂದು ಯಾಕೂಬ್ ಹೇಳಿದ. ಬಂತೇ ಎಂದು ಇದ್ರೀಸನನ್ನು ಕೇಳಿದರೆ "ಬಂತು" ಎಂದ, ಅಷ್ಟೇ. ನನ್ನ ಕೊನೆಯ ವಾರ ಬಂದರೂ ಇಬ್ಬರ ನಡುವೆ ನಾನೇ.

ನಾನು ಕೆಲಸ ಬಿಡುವ ಹಿಂದಿನ ದಿನ ಬೆಳಿಗ್ಗೆ ಇದ್ರೀಸನ ಕರೆ ಬರಲಿಲ್ಲ. ಯಾಕೂಬನದೂ ಇಲ್ಲ. ಮತ್ತೆ ಕಾಳಗ ಶುರುವಾಯಿತೇನೋ ಎಂದು ಗಾಬರಿಯಾಯಿತು. ಯಾಕೂಬನ ನಂಬರ್ ಒತ್ತಿದೆ, ಬೇರೆ ಕರೆಯಲ್ಲಿದ್ದಾನೆಂಬ ಸದ್ದು. ಇದ್ರೀಸನದೂ ಹಾಗೇ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಇದ್ರೀಸ್ ಎತ್ತಿಕೊಂಡ.

"ಏನಾಯ್ತೋ? ನೀರು ಎಷ್ಟಿದೆ? ಯಾಕೆ ಫೋನ್ ಮಾಡಲಿಲ್ಲ?"

"ಮೇಡಂ, ನೀರು ಸರಿ ಇದೆ, ಅಂಕಿ ಅವನಿಗೇ ಹೇಳಿದೆ" ಎಂದ ಅವಸರದಲ್ಲಿ. "ಮಳೆಗೆ ಆ ಬಾಗಿಲು ಉಬ್ಬಿ ಹೊಸಿಲಿಗೆ ಉಜ್ಜುತ್ತೆ, ಹೆಂಡತಿ ದಿನಾ ನನ್ನ ತಲೆ ತಿಂತಾಳೆ. ಹಸಿ ಮರದಲ್ಲಿ ಮಾಡಿಕೊಟ್ಟಿದಾನೆ ಮಹಾರಾಯ! ಲೈನಲ್ಲೇ ಇದಾನೆ, ಬೈತಾ ಇದೀನಿ. ನೀವು ಆಮೇಲೆ ಮಾಡಿ."

ನನ್ನ ಉತ್ತರಕ್ಕೂ ಕಾಯದೆ ಫೋನಿಟ್ಟುಬಿಟ್ಟ.